ಕಷ್ಟವೇ ಇಲ್ಲದ ಹುಡುಗಿಯ ಅಡ್ಮಿಷನ್ನು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ ಜಡಿಗೇನಹಳ್ಳಿಯ ನಂದೀಶ, ಮಗಳು ಮುಂದೆ ಏನು ಓದುತ್ತಾಳೆ ಎಂದು ಕೇಳಿದವರಿಗೆಲ್ಲ "ಲಿಬರಲ್ ಆರ್ಟ್ಸ್" ಎಂದು ಹೇಳಿಬಿಟ್ಟ. ಮಗಳನ್ನು ಕೇಳಿರಲಿಲ್ಲ. ಅದು ಏನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ಮಾತು ಅವನ ಕಿವಿಗೆ ಬಿದ್ದಿದ್ದು ಷಡ್ಡಕ ಆನಂದನ ಮನೆಯ ಗೃಹಪ್ರವೇಶದಲ್ಲಿ. ಆನಂದನ ಮಗಳು ಬೆಂಗಳೂರಲ್ಲಿ ಅದನ್ನೇ ಓದುತ್ತಿದ್ದಳು. ಹಾಗಂದರೆ ಏನು ಎಂದು ಪಂಕ್ತಿಯಲ್ಲಿ ಯಾರೋ ಕೇಳಿದಾಗ ಆನಂದ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಎಲ್ಲಾನೂ ಓದ್ತಾರೆ, ಏನ್ ಬೇಕಾದ್ರೂ ಆಗ್ತಾರೆ" ಎಂದಿದ್ದ. ನಂದೀಶ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಪ್ಲಾಸ್ಟಿಕ್ ಡಬ್ಬಿಗಳ ಮುಚ್ಚಳ ಮಾಡಿಸುತ್ತಿದ್ದ. ಡಬ್ಬಿ ಕೂಡ ಅಲ್ಲ, ಬರೀ ಮುಚ್ಚಳ. ಏನು ಬೇಕಾದರೂ ಆಗಬಹುದು ಎಂಬ ಮಾತು ಅವನ ಎದೆಗೆ ನಾಟಿತು.

"ಆರ್ಟ್ಸ್ ಅಂದ್ರೆ ಚಿತ್ರ ಬರೆಯೋದೇನ್ಲಾ?" ಎಂದು ಅವನ ಅಪ್ಪ ಮುನಿವೆಂಕಟಪ್ಪ ಜಗಲಿಯ ಮೇಲೆ ಕೂತು ಕೇಳಿದ.

"ಅದು ಫೈನ್ ಆರ್ಟ್ಸ್ ಅಪ್ಪಾ. ಇದು ಲಿಬರಲ್. ಲಿಬರಲ್ ಅಂದ್ರೆ ಉದಾರ." ನಂದೀಶ ಫೋನಿನಲ್ಲಿ ಅರ್ಥ ನೋಡಿಕೊಂಡಿದ್ದ.

"ಉದಾರವಾಗಿ ಯಾರು ಯಾರಿಗೆ ಕೊಡ್ತಾರೆ?"

"ನಾವು ಅವರಿಗೆ ಕೊಡೋದು" ಎಂದಳು ಒಳಗಿನಿಂದ ನಂದೀಶನ ಹೆಂಡತಿ ಜ್ಯೋತಿಲಕ್ಷ್ಮಿ. ಅವಳು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಎಂಬತ್ತು ಜನರ ಹಾಲಿನಲ್ಲಿ ನೀರೆಷ್ಟು ಎಂದು ನೋಡಿ ನೋಡಿ, ಮಾತಿನಲ್ಲಿ ಬೆರೆತ ನೀರೂ ಅವಳಿಗೆ ತಟ್ಟನೆ ತಿಳಿಯುತ್ತಿತ್ತು.

ಮಗಳು ಯಶಸ್ವಿನಿಯ ಕತೆಯೇ ಬೇರೆ. ಹೊಸಕೋಟೆಯ ಕಾಲೇಜಿನಲ್ಲಿ ಅವಳ ತರಗತಿಯಲ್ಲಿ ತೊಂಬತ್ತನಾಲ್ಕು ಜನ. ಎರಡು ವರ್ಷದಲ್ಲಿ ಒಂದು ಸಲವೂ ಅವಳು ಎದ್ದು ನಿಂತು ಪ್ರಶ್ನೆ ಕೇಳಿರಲಿಲ್ಲ. ಪ್ರಶ್ನೆ ಇರಲಿಲ್ಲವೆಂದಲ್ಲ, ತೊಂಬತ್ತಮೂರು ತಲೆಗಳು ತನ್ನ ಕಡೆ ತಿರುಗುತ್ತವೆಂದು ನೆನೆದು ಕೂತೇ ಇರುತ್ತಿದ್ದಳು. ಆ ಪ್ರಶ್ನೆಗಳನ್ನೆಲ್ಲ ಸಂಜೆ ಹೊತ್ತು ಊರಿನ ಮುದುಕ ಮುದುಕಿಯರನ್ನು ಕೇಳುತ್ತಿದ್ದಳು. ಲೇಔಟಾಗಿ ಮಾಯವಾಗುತ್ತಿದ್ದ ಹೊಲಗಳ ಹಳೇ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಅವಳ ಹುಚ್ಚು. ಕುಂಟೆ ಹಿಂದಲ ಹೊಲ, ಜೋಡಿ ಹುಣಸೆ ಹೊಲ, ಸೊಸೆ ಮುನಿದ ಹೊಲ. ಅಂಥ ನೂರಾ ಹನ್ನೊಂದು ಹೆಸರು ಅವಳ ಪುಸ್ತಕದಲ್ಲಿದ್ದವು.

"ನಂಗೆ ಹಿಸ್ಟರಿ ಓದ್ಬೇಕು ಅಪ್ಪಾ. ಚಿಕ್ಕ ಕಾಲೇಜಾದ್ರೆ ಒಳ್ಳೇದು" ಎಂದಿದ್ದಳು.

"ಅದನ್ನೇ ನಾನೂ ಹೇಳ್ತಿರೋದು" ಎಂದು ನಂದೀಶ ಹೊಸಕೋಟೆಗೆ ಹೊರಟ.

ಹೊಸಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ ನವೀನ್‌ಕುಮಾರನ ಆಫೀಸು. ಎರಡು ವರ್ಷದ ಹಿಂದಿನವರೆಗೂ ಅವನು ಸೈಟು ಮಾರುತ್ತಿದ್ದ. ಈಗ ಮಕ್ಕಳಿಗೆ ಕಾಲೇಜು ಹುಡುಕಿಕೊಡುತ್ತಿದ್ದ. ಸೈಟಿನ ಹಳೇ ಬೋರ್ಡಿನ ಮೇಲೆ ಹೊಡೆದಿದ್ದ ಹೊಸ ಬೋರ್ಡು ಸಣ್ಣದಾದ್ದರಿಂದ 'ಕೆರಿಯರ್ ಗೈಡೆನ್ಸ್' ಎಂಬ ಅಕ್ಷರಗಳ ಪಕ್ಕದಲ್ಲೇ 'ದೊರೆಯುತ್ತವೆ' ಎಂದೂ ಓದಬಹುದಿತ್ತು.

"ಅಣ್ಣಾ, ಲಿಬರಲ್ ಆರ್ಟ್ಸಿಗೆ ಈಗ ಫುಲ್ ಡಿಮ್ಯಾಂಡು" ಎಂದ ನವೀನ್‌ಕುಮಾರ್. "ದೇವನಹಳ್ಳಿ ಸೈಡಲ್ಲಿ ಒಂದಿದೆ, ಅನಂತಾರಣ್ಯ ಅಂತ. ಏರ್‌ಪೋರ್ಟಿಂದ ಹದಿನೈದೇ ನಿಮಿಷ."

"ಓದೋ ಹುಡುಗಿಗೆ ಏರ್‌ಪೋರ್ಟ್ ಯಾಕಪ್ಪಾ?"

"ಮುಂದೆ ವ್ಯಾಲ್ಯೂ ಬರುತ್ತೆ ಅಣ್ಣಾ. ಕ್ಯಾಂಪಸ್ಸು ಪೂರ್ವಕ್ಕೆ ಮುಖ. ನಲವತ್ತಡಿ ರಸ್ತೆ. ಮೂರು ಕಡೆ ಕಾಂಪೌಂಡು." ಅಭ್ಯಾಸಬಲದಿಂದ ಬೋರ್‌ವೆಲ್ ಸಿಹಿ ನೀರು ಎಂದೂ ಸೇರಿಸಿದ.

"ಪಾಠ ಹೆಂಗೆ?"

"ಪಾಠಾನೂ ಇದೆ" ಎಂದು ನವೀನ್‌ಕುಮಾರ್ ಭರವಸೆ ಕೊಟ್ಟ.

ಅರ್ಜಿಯ ಜೊತೆಗೆ ಒಂದು ಪ್ರಬಂಧ ಬರೆಯಬೇಕಿತ್ತು. ವಿಷಯ: 'ನೀವು ಎದುರಿಸಿ ಗೆದ್ದ ಒಂದು ಕಷ್ಟ'. ಅದಕ್ಕಾಗಿ ನವೀನ್‌ಕುಮಾರ್ ಭಾನುವಾರ ಖುದ್ದಾಗಿ ಜಡಿಗೇನಹಳ್ಳಿಗೆ ಬಂದ. ನಡುಮನೆಯಲ್ಲಿ ಕೂತು, ಪೆನ್ನು ತೆಗೆದು, "ಹೇಳಮ್ಮಾ, ಏನೇನು ಕಷ್ಟ ಬಿದ್ದಿದ್ದೀಯಾ?" ಎಂದ.

ಯಶಸ್ವಿನಿ ಯೋಚಿಸಿದಳು. "ಕಷ್ಟ ಅಂತ ಏನಿಲ್ಲ ಅಂಕಲ್."

"ನಮ್ಮ ಮಗಳಿಗೆ ನಾವು ಏನು ಕಡಿಮೆ ಮಾಡಿದ್ದೀವಿ, ಕಷ್ಟ ಬೀಳೋಕೆ?" ಎಂದು ಜ್ಯೋತಿಲಕ್ಷ್ಮಿಗೆ ಸಿಟ್ಟು ಬಂತು.

"ಅಂಗಲ್ಲ ಅಕ್ಕಾ. ಹಳ್ಳಿ ಹುಡುಗಿ ಅಂದ್ಮೇಲೆ ಏನಾದ್ರೂ ಇರ್ಬೇಕಲ್ಲ. ಸ್ಕೂಲಿಗೆ ನಡ್ಕೊಂಡು ಹೋಗ್ತಿದ್ಯಾ?"

"ವ್ಯಾನ್ ಬರ್ತಿತ್ತು."

"ಕರೆಂಟು ಹೋಗ್ತಿತ್ತಲ್ಲ?"

"ಯುಪಿಎಸ್ ಇದೆ" ಎಂದ ನಂದೀಶ, ತಪ್ಪು ಒಪ್ಪಿಕೊಳ್ಳುವವನಂತೆ.

ಮನೆಯವರೆಲ್ಲ ಸೇರಿ ಹುಡುಗಿಯ ಹದಿನೆಂಟು ವರ್ಷಗಳಲ್ಲಿ ಒಂದು ಕಷ್ಟಕ್ಕಾಗಿ ಹುಡುಕಾಡಿದರು. ಏಳನೇ ಕ್ಲಾಸಿನಲ್ಲಿ ಕಾಮಾಲೆ ಆಗಿದ್ದನ್ನು ನವೀನ್‌ಕುಮಾರ್ ಒಪ್ಪಲಿಲ್ಲ. ಕಾಮಾಲೆ ಸಿಟಿಯವರಿಗೂ ಆಗುತ್ತದೆ ಎಂದ. ಆಗ ಜಗಲಿಯಿಂದ ಮುನಿವೆಂಕಟಪ್ಪ ಒಳಗೆ ಬಂದು, "ಕಷ್ಟ ಬೇಕೇನಪ್ಪಾ? ನಂತಾವ ಬೇಕಾದಷ್ಟೈತೆ" ಎಂದು ಕೂತ. ಬರಿಗಾಲಲ್ಲಿ ಪಕ್ಕದ ಊರಿನವರೆಗೂ ಶಾಲೆಗೆ ನಡೆದದ್ದು, ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಮಗ್ಗಿ ಕಲಿತದ್ದು, ಒಂದೇ ಚಡ್ಡಿಯನ್ನು ಅಣ್ಣತಮ್ಮಂದಿರು ಸರದಿಯ ಮೇಲೆ ಹಾಕಿಕೊಂಡದ್ದು ಎಲ್ಲ ಹೇಳಿದ. ನವೀನ್‌ಕುಮಾರ್ ನಾಲ್ಕು ಪುಟ ಬರೆದುಕೊಂಡು, ಕಾಫಿ ಕುಡಿದು, ಸಂತೋಷವಾಗಿ ಹೋದ.

ಯಶಸ್ವಿನಿ ರಾತ್ರಿಯೆಲ್ಲ ಕೂತು ಹೊಲಗಳ ಹೆಸರಿನ ಮೇಲೆ ಎರಡು ಪುಟ ಬರೆದು ಅವನಿಗೆ ಕಳಿಸಿದಳು. ಅವನು ಅದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿ, ಓದದೆ ಬಿಟ್ಟ.

ಹದಿನೈದು ದಿನಕ್ಕೆ ಅನಂತಾರಣ್ಯದಿಂದ ಕರೆ ಬಂತು. ಮಗಳ ಜೊತೆ ಇಡೀ ಕುಟುಂಬ ಬರಬೇಕೆಂದಿತ್ತು. ಕುಟುಂಬ ಎಂದರೆ ಅಪ್ಪನೂ ಸೇರುತ್ತಾನೆಂದು ನಂದೀಶ ಮುನಿವೆಂಕಟಪ್ಪನಿಗೆ ಬಿಳಿ ಪಂಚೆ ಉಡಿಸಿ ಕಾರಿನಲ್ಲಿ ಮುಂದೆ ಕೂರಿಸಿಕೊಂಡ.

ಅರಣ್ಯ ಎಂಬ ಹೆಸರಿನ ಆ ಜಾಗದಲ್ಲಿ ಕುಂಡದಲ್ಲಿದ್ದ ಗಿಡಗಳನ್ನು ಬಿಟ್ಟರೆ ಮರ ಎಂಬುದು ಇರಲಿಲ್ಲ. ಗಾಜಿನ ಕಟ್ಟಡಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅಡ್ಮಿಷನ್ನಿನ ಮುಖ್ಯಸ್ಥೆ ಅರ್ಪಿತ ಬಾಗಿಲಲ್ಲೇ ಎದುರುಗೊಂಡಳು. ಅವಳ ಕನ್ನಡ ಚೆನ್ನಾಗಿತ್ತು. ಅದನ್ನು ಆದಷ್ಟು ಕಡಿಮೆ ಬಳಸುತ್ತಿದ್ದಳು. ಅವರು ಬಂದಿಳಿದ ದೊಡ್ಡ ಕಾರನ್ನು ಒಂದು ಸಲ ನೋಡಿ, ಕೈಯಲ್ಲಿದ್ದ ಕಾಗದವನ್ನು ಇನ್ನೊಂದು ಸಲ ನೋಡಿ, ಮುಗುಳ್ನಕ್ಕು ಒಳಗೆ ಕರೆದಳು.

"ಕ್ಲಾಸ್‌ರೂಮು ಎಲ್ಲಿ ಬರುತ್ತೆ ಮೇಡಂ?" ಎಂದು ನಂದೀಶ ಕೇಳಿದ.

"ನಮ್ಮಲ್ಲಿ ಕ್ಲಾಸ್‌ರೂಮ್ ಅಂತ ಹೇಳಲ್ಲ ಸರ್. ಲರ್ನಿಂಗ್ ಸ್ಪೇಸ್ ಅಂತೀವಿ." ಆ ಸ್ಪೇಸಿನಲ್ಲಿ ಬೆಂಚುಗಳ ಬದಲು ಬಣ್ಣಬಣ್ಣದ ಮೆತ್ತನೆಯ ಮೂಟೆಗಳಿದ್ದವು. ಮುನಿವೆಂಕಟಪ್ಪ ಒಂದರ ಮೇಲೆ ಕೂರಲು ಹೋಗಿ ಒಳಗಿಳಿದುಬಿಟ್ಟ. ಅವನನ್ನು ಎಬ್ಬಿಸಲು ಇಬ್ಬರು ಬೇಕಾದರು.

ಲೈಬ್ರರಿ ನೋಡಿ ನಂದೀಶನಿಗೆ ಮೈ ಜುಮ್ಮೆಂದಿತು. ಒಂದು ಗೋಡೆಯ ತುಂಬ ಕೆಂಪು ಪುಸ್ತಕ, ಇನ್ನೊಂದರ ತುಂಬ ನೀಲಿ, ಮತ್ತೊಂದರಲ್ಲಿ ಹಳದಿ. ಹೊದಿಕೆಯ ಬಣ್ಣ ನೋಡಿ ಜೋಡಿಸಿದ್ದರು. ಯಶಸ್ವಿನಿ, "ಹಿಸ್ಟರಿ ಯಾವ ಕಡೆ?" ಎಂದು ಮೆಲ್ಲಗೆ ಕೇಳಿದಳು. ಲೈಬ್ರರಿಯವನು, "ಎಲ್ಲಾ ಕಲರಲ್ಲೂ ಇದೆ" ಎಂದ. ಅವಳು ಒಂದು ಪುಸ್ತಕ ಎಳೆದಳು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ಹಿಂದಿನ ಅಂಗಳದಲ್ಲಿ ಹತ್ತು ಗುಂಟೆಯಷ್ಟು ಹಸಿರು ಕಂಡಿತು. "ಇದು ನಮ್ಮ ಹೆಮ್ಮೆ" ಎಂದಳು ಅರ್ಪಿತ. "ಸ್ಟೂಡೆಂಟ್ಸೇ ರಾಗಿ ಬೆಳೀತಾರೆ. ಅವರೇ ಬಿತ್ತಿ, ಅವರೇ ಕಳೆ ಕಿತ್ತಿದ್ದಾರೆ. ಮಣ್ಣಿನ ಜೊತೆ ಅವರ ಸಂಬಂಧವೇ ಬದಲಾಗಿಬಿಟ್ಟಿದೆ."

"ಈ ಬ್ಯಾಸಿಗೇಲಾ?" ಎಂದ ಮುನಿವೆಂಕಟಪ್ಪ.

"ನಾವು ಸೆಮಿಸ್ಟರ್ ಪ್ರಕಾರ ಬಿತ್ತೋದು ತಾತ."

ಮುನಿವೆಂಕಟಪ್ಪ ಪಂಚೆ ಮೇಲೆತ್ತಿ ಕಟ್ಟಿ, ಒಳಗೆ ಹೋಗಿ ಕುಕ್ಕುರುಗಾಲಲ್ಲಿ ಕೂತ. ಒಂದು ಗಿಡ ಹಿಡಿದು ನೋಡಿದ. ಪಕ್ಕದ್ದನ್ನೂ ನೋಡಿದ. ಸಾಲಿಡೀ ನೋಡಿಕೊಂಡು ಬಂದು ಮರ್ಯಾದೆಯಿಂದಲೇ ಕೇಳಿದ: "ಕಳೆ ಬಲು ಚೆಂದಾಗಿ ಬೆಳ್ದೈತೆ ಕಣಮ್ಮಾ. ಕಿತ್ತ ರಾಗಿನ ಎಲ್ಲಿ ಹಾಕಿದ್ರಿ?"

ಮೂಲೆಯ ಗೊಬ್ಬರದ ಗುಂಡಿಯ ಕಡೆಗೆ ಅರ್ಪಿತಳ ಕಣ್ಣು ತಾನಾಗಿ ಹೋಯಿತು.

ಸಂದರ್ಶನದಲ್ಲಿ ಅರ್ಪಿತಳ ಜೊತೆ ಇನ್ನಿಬ್ಬರಿದ್ದರು. ಮೊದಲ ಪ್ರಶ್ನೆ ನಂದೀಶನಿಗೆ. ಮಗಳನ್ನು ಬೆಳೆಸುವುದರಲ್ಲಿ ನಿಮ್ಮ ಫಿಲಾಸಫಿ ಏನು ಎಂದರು. ನಂದೀಶ ಬೆವರಿದ. "ಬೆಳಿಗ್ಗೆ ನಂಗೆ ಶಿಫ್ಟ್ ಇರುತ್ತೆ. ಅವಳಮ್ಮ ನೋಡ್ಕೋತಾಳೆ" ಎಂದ. ಮೂವರೂ ಬರೆದುಕೊಂಡರು.

ಆಮೇಲೆ ಅರ್ಪಿತ ಯಶಸ್ವಿನಿಯ ಕಡೆ ತಿರುಗಿದಳು. ಅವಳ ದನಿ ಮೆತ್ತಗಾಯಿತು. "ನಿನ್ನ ಪ್ರಬಂಧ ಓದಿ ಇಡೀ ಕಮಿಟಿ ಅತ್ತುಬಿಡ್ತು. ಅದರಲ್ಲೂ ಆ ಸೀಮೆಎಣ್ಣೆ ಬುಡ್ಡಿಯ ಭಾಗ."

"ಯಾವ ಬುಡ್ಡಿ?" ಎಂದ ನಂದೀಶ.

"ನಂದು" ಎಂದ ಮುನಿವೆಂಕಟಪ್ಪ, ಹೆಮ್ಮೆಯಿಂದ. "ಚಡ್ಡಿ ವಿಷ್ಯಾನೂ ಬರ್ದವ್ನಾ?"

ಯಶಸ್ವಿನಿಯ ಮುಖ ಕೆಂಪಾಯಿತು. ಆದರೂ ಹೇಳಿದಳು: "ಅದು ನಾನು ಬರೆದಿದ್ದಲ್ಲ ಮೇಡಂ. ಅದು ನಮ್ಮ ತಾತಂದು. ನಾನು ಬೇರೆ ಬರೆದಿದ್ದೆ. ನಂಗೆ ಅಂಥ ಕಷ್ಟ ಯಾವುದೂ ಇರ್ಲಿಲ್ಲ."

ನಂದೀಶ ಮಗಳ ಅಡ್ಮಿಷನ್ನು ಅಲ್ಲಿಗೆ ಮುಗಿಯಿತು ಎಂದುಕೊಂಡ. ಆದರೆ ಅರ್ಪಿತ ಎರಡೂ ಕೈ ಜೋಡಿಸಿ ಎದೆಗಿಟ್ಟುಕೊಂಡಳು. "ಎಂಥ ಪ್ರಾಮಾಣಿಕತೆ! ನಮಗೆ ಬೇಕಾಗಿರೋದೇ ಇದು. ನೋಡು, ಗ್ರಾಮೀಣ ಪ್ರತಿಭೆ ಅನ್ನೋ ನಮ್ಮ ಸ್ಕೀಮಿಗೆ ಒಂದು ಕಷ್ಟ ಕಂಪಲ್ಸರಿ. ಸುಳ್ಳು ಹೇಳ್ಬೇಕಾಯ್ತಲ್ಲ, ಆ ಕಷ್ಟದ ಮೇಲೆ ಹೊಸದಾಗಿ ಬರೆದುಕೊಡು. ಅದು ಇನ್ನೂ ಸ್ಟ್ರಾಂಗ್ ಆಗುತ್ತೆ."

"ನಾನು ಸುಳ್ಳು ಹೇಳಲೇ ಇಲ್ಲವಲ್ಲ" ಎಂದಳು ಯಶಸ್ವಿನಿ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಪಕ್ಕದಲ್ಲಿದ್ದ ಗಡ್ಡದವರು ಮೊದಲ ವರ್ಷದ ಕಾರ್ಯಕ್ರಮ ವಿವರಿಸಿದರು. ಅದರಲ್ಲಿ ಮುಖ್ಯವಾದದ್ದು ಗ್ರಾಮವಾಸ. ಪ್ರತಿ ವಿದ್ಯಾರ್ಥಿಯೂ ಹತ್ತು ದಿನ ಒಂದು ಹಳ್ಳಿಯ ಮನೆಯಲ್ಲಿ ಇರಬೇಕು, ದನ ಮುಟ್ಟಬೇಕು, ಮುದ್ದೆ ತಿನ್ನಬೇಕು. ಹಳ್ಳಿಗಳ ಪಟ್ಟಿಯನ್ನು ಮುಂದಕ್ಕೆ ತಳ್ಳಿದರು. ಮೂರನೆಯ ಹೆಸರು ಜಡಿಗೇನಹಳ್ಳಿ.

"ಇದು ನಮ್ಮೂರೇ" ಎಂದಳು ಯಶಸ್ವಿನಿ.

"ಒಳ್ಳೇದಾಯ್ತಲ್ಲ! ನಿನಗೆ ಅಡ್ಜಸ್ಟ್ ಆಗೋದು ಸುಲಭ."

ಜ್ಯೋತಿಲಕ್ಷ್ಮಿ ಅಲ್ಲಿಯವರೆಗೆ ಸೆರಗು ಹೊದ್ದು ಸುಮ್ಮನೆ ಕೂತಿದ್ದಳು. ಈಗ ಕೇಳಿದಳು: "ನನ್ನ ಮಗಳು ಬೇಜಾರಾದ್ರೆ ಊಟ ಬಿಡ್ತಾಳೆ. ಬಾಯಿಬಿಟ್ಟು ಹೇಳೋಳಲ್ಲ. ಒಂದು ದಿನ ಅವಳು ಊಟಕ್ಕೆ ಬರ್ಲಿಲ್ಲ ಅಂದ್ರೆ ಯಾರಿಗೆ ಗೊತ್ತಾಗುತ್ತೆ?"

"ಅದಕ್ಕೆ ನಮ್ಮಲ್ಲಿ ಆ್ಯಪ್ ಇದೆ ಮೇಡಂ" ಎಂದಳು ಅರ್ಪಿತ. "ಮೂಡು ಹೇಗಿದೆ ಅಂತ ಅವಳೇ ದಿನಾ ಹಾಕ್ಬೇಕು. ಮೂರು ದಿನ ಹಾಕದೇ ಇದ್ರೆ ನಿಮ್ಮ ಫೋನಿಗೇ ಮೆಸೇಜು ಬರುತ್ತೆ."

ಹೊರಡುವಾಗ ಅರ್ಪಿತ ನಂದೀಶನನ್ನು ಪಕ್ಕಕ್ಕೆ ಕರೆದು, ಹುಡುಗಿಯ ವಿಷಯ ತಿಳಿಸುತ್ತೇವೆ, ಆದರೆ ತಾತನವರನ್ನು ಮಾತ್ರ ಖಂಡಿತ ಬಿಡುವುದಿಲ್ಲ ಎಂದಳು. 'ಜ್ಞಾನವೃದ್ಧ' ಎಂಬ ಹುದ್ದೆಯೊಂದು ಖಾಲಿ ಇತ್ತು. ವಾರಕ್ಕೊಮ್ಮೆ ಕಾರು ಕಳಿಸುತ್ತಾರೆ, ಬಂದು ಮಣ್ಣಿನ ಬಗ್ಗೆ ಮಾತಾಡಿದರೆ ಸಾಕು. ಹೀಗೆ ಲಿಬರಲ್ ಆರ್ಟ್ಸ್ ಕಾಲೇಜಿಗೆ ಆ ಮನೆಯಿಂದ ಮೊದಲು ಆಯ್ಕೆಯಾದದ್ದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಮುನಿವೆಂಕಟಪ್ಪ. "ಆ ಮೂಟೆ ಮ್ಯಾಲೆ ಕೂರ್ಸಲ್ಲ ಅಂದ್ರೆ ಬರ್ತೀನಿ" ಎಂದು ಅವನು ಷರತ್ತು ಹಾಕಿದ.

ಮನೆಗೆ ಬಂದ ಮೇಲೆ ಜಗಳವಾಯಿತು. ನಂದೀಶನಿಗೆ ಇನ್ನೂ ಆಸೆ ಹೋಗಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು, ಆನಂದನಿಗೆ ಗಾಜಿನ ಕಟ್ಟಡದ ಫೋಟೋ ಕಳಿಸಿಯೂ ಆಗಿತ್ತು. "ಎರಡು ಪುಟ ಬರೆದುಕೊಡೋಕೆ ನಿಂಗೇನು ರೋಗ? ಎಂಥ ಜಾಗ ಅದು!" ಎಂದು ಕೂಗಾಡಿದ.

"ಅಪ್ಪಾ, ಅಲ್ಲಿ ಮೂರು ಗಂಟೆ ಇದ್ವಿ. ನೀನು ಏನು ಓದ್ಬೇಕು ಅಂತಿದ್ದೀಯಾ ಅಂತ ಒಬ್ಬರಾದ್ರೂ ನನ್ನ ಕೇಳಿದ್ರಾ?" ಯಶಸ್ವಿನಿ ಅಪರೂಪಕ್ಕೆ ದನಿ ಎತ್ತಿದ್ದಳು. ಆಮೇಲೆ ನೆಲ ನೋಡುತ್ತಾ, "ನೀವೂ ಕೇಳ್ಲಿಲ್ಲ" ಎಂದಳು.

ನಂದೀಶ ಎದ್ದು ಹೋಗಿ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕಿದ. ಹಸುವಿಗೆ ಆಗಲೇ ಹಾಕಿಯಾಗಿತ್ತು.

ಮಾರನೆಯ ದಿನ ಡೇರಿಯಿಂದ ಬಂದ ಜ್ಯೋತಿಲಕ್ಷ್ಮಿ ಮಗಳ ಹತ್ತಿರ ಕೂತು, "ನಿನ್ನ ಮನಸ್ಸಲ್ಲಿ ಯಾವುದಾದ್ರೂ ಇದ್ಯಾ?" ಎಂದು ಕೇಳಿದಳು. ಇತ್ತು. ದಾಬಸ್‌ಪೇಟೆಯಿಂದ ಶಿವಗಂಗೆಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟಿನವರ ಸಣ್ಣ ಡಿಗ್ರಿ ಕಾಲೇಜು. ವರ್ಷಕ್ಕೆ ನಲವತ್ತೇ ಮಕ್ಕಳು. ಅಲ್ಲಿನ ಇತಿಹಾಸದ ಅನಸೂಯ ಮೇಡಂ ಒಮ್ಮೆ ಹೊಸಕೋಟೆಯ ಲೈಬ್ರರಿಯಲ್ಲಿ ಕೆರೆಗಳ ಬಗ್ಗೆ ಮಾತಾಡಿದ್ದರು. ಮಾತು ಮುಗಿದ ಮೇಲೆ ಯಶಸ್ವಿನಿ ಬಾಗಿಲ ಹತ್ತಿರ ಅವರನ್ನು ಏನೋ ಕೇಳಿದ್ದಳು. ಅವರು, "ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ" ಎಂದು ನಂಬರು ಪಡೆದು, ಒಂದು ತಿಂಗಳಾದ ಮೇಲೆ ಮರೆಯದೆ ಫೋನು ಮಾಡಿ ಹೇಳಿದ್ದರು.

"ಶಿವಗಂಗೆ ಅಂದ್ರೆ ನಾನೂ ಬತ್ತೀನಿ, ಹಂಗೇ ದೇವ್ರನ್ನ ನೋಡ್ಕಂಡ್ ಬರೋಣ" ಎಂದ ಮುನಿವೆಂಕಟಪ್ಪ. ಮಂಡಿ ನೋವಿಗೆ ಬೆಟ್ಟ ಬೇಡವೆಂದು ಅವನನ್ನು ಬಿಟ್ಟು ಮೂವರೇ ಹೊರಟರು.

ಆ ಕಾಲೇಜು ನೋಡಿ ನಂದೀಶ ಕಾರಿನಿಂದ ಇಳಿಯುವುದಕ್ಕೇ ಹಿಂದೆಮುಂದೆ ನೋಡಿದ. ಹೆಂಚಿನ ಕಟ್ಟಡ. ಬೋರ್ಡಿನಲ್ಲಿ 'ಮಹಾವಿದ್ಯಾಲಯ' ಎಂಬುದರ ಮೊದಲೆರಡು ಅಕ್ಷರ ಅಳಿಸಿಹೋಗಿ ವಿದ್ಯಾಲಯ ಮಾತ್ರ ಉಳಿದಿತ್ತು. ಆಫೀಸಿನಲ್ಲಿ ಎರಡು ಕಂಪ್ಯೂಟರುಗಳಿಗೆ ಹೂವಿನ ಬಟ್ಟೆ ಹೊದಿಸಿ ಆಯುಧಪೂಜೆಯಲ್ಲಿ ಇಟ್ಟ ಕುಂಕುಮವನ್ನು ಹಾಗೇ ಬಿಟ್ಟಿದ್ದರು. ಗುಮಾಸ್ತ ಕೊಟ್ಟ ಮಾಹಿತಿ ಪತ್ರ ನಾಲ್ಕು ವರ್ಷದ ಹಿಂದಿನದು. ಅದರಲ್ಲಿದ್ದ ಪ್ರಿನ್ಸಿಪಾಲರು ತೀರಿಕೊಂಡಿದ್ದರು. ಹೆಂಗಸರ ಶೌಚಾಲಯದ ಬೀಗದ ಕೈ ಬೇಕೆಂದರೆ ರಿಜಿಸ್ಟರಿನಲ್ಲಿ ಸಹಿ ಮಾಡಬೇಕಿತ್ತು.

"ಇದನ್ನ ಆನಂದಂಗೆ ಹೆಂಗೆ ತೋರ್ಸೋದು?" ಎಂದು ನಂದೀಶ ಹೆಂಡತಿಯ ಕಿವಿಯಲ್ಲಿ ಹೇಳಿದ.

"ಆನಂದ ಭಾವ ಸೇರ್ತಾರಾ ಇಲ್ಲಿ?" ಎಂದಳು ಜ್ಯೋತಿಲಕ್ಷ್ಮಿ.

ಅನಸೂಯ ಮೇಡಂ ಪಾಠ ಮಾಡುತ್ತಿದ್ದರು. ಕಿಟಕಿಯಿಂದ ಇವರನ್ನು ನೋಡಿ, "ಇನ್ನೂ ಮುಕ್ಕಾಲು ಗಂಟೆ ಇದೆ. ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಹಿಂದೆ ಬಂದು ಕೂತ್ಕೊಳಿ" ಎಂದರು. ಹದಿನಾಲ್ಕು ಮಕ್ಕಳಿದ್ದರು. ಮೂವರೂ ಕೊನೆಯ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಅದು ಒಂದು ಊರಿನ ಇತಿಹಾಸ ಎಲ್ಲಿ ಸಿಗುತ್ತದೆ ಎಂಬ ಚರ್ಚೆ. ಒಬ್ಬ ಶಾಸನ ಎಂದ. ಒಬ್ಬಳು ಪಹಣಿ ಎಂದಳು. ಅನಸೂಯ ಮೇಡಂ ಹಿಂದಿನ ಬೆಂಚು ನೋಡಿ, "ನೀನೇನಂತೀಯಮ್ಮ?" ಎಂದರು.

ಹದಿನಾಲ್ಕು ತಲೆಗಳು ತಿರುಗಿದವು. ಯಶಸ್ವಿನಿ ಎದ್ದು ನಿಂತು, "ಹೊಲದ ಹೆಸರಲ್ಲಿ" ಎಂದಳು. ಹೇಗೆ ಎಂದು ಯಾರೋ ಕೇಳಿದರು. ಅವಳು ಸೊಸೆ ಮುನಿದ ಹೊಲದ ಕತೆ ಹೇಳಿದಳು. ಭಾಗ ಸಿಗದ ಸೊಸೆಯೊಬ್ಬಳು ಆ ಹೊಲದಲ್ಲೇ ಗುಡಿಸಲು ಹಾಕಿ ಹನ್ನೆರಡು ವರ್ಷ ಕೂತಳಂತೆ. ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲ.

"ಕಾಗದದಲ್ಲಿಲ್ಲ ಅಂದ್ಮೇಲೆ ಅದು ಲೆಕ್ಕಕ್ಕೆ ಬರಲ್ಲ" ಎಂದುಬಿಟ್ಟ ನಂದೀಶ. ಬಾಯಿ ತಪ್ಪಿ ಬಂದಿತ್ತು. "ಸರ್ವೆ ನಂಬರ್ ಇದ್ರೆ ಉಂಟು, ಇಲ್ದಿದ್ರೆ ಇಲ್ಲ."

ಮುಂದಿನ ಬೆಂಚಿನ ತೆಳ್ಳನೆಯ ಹುಡುಗಿಯೊಬ್ಬಳು ಎದ್ದಳು. "ಸರ್ವೆ ಮಾಡ್ದೋರು ಬರೋಕ್ಕಿಂತ ಮುಂಚೆ ಆ ಹೊಲ ಇರ್ಲಿಲ್ವಾ ಅಂಕಲ್?"

"ಇತ್ತು. ಆದ್ರೆ ಯಾರ್ದು ಅಂತ ಹೆಂಗೆ ಹೇಳ್ತೀಯಮ್ಮ?"

"ನಾವು ಕೇಳ್ತಿರೋದು ಯಾರ್ದು ಅಂತ ಅಲ್ಲ. ಅಲ್ಲಿ ಏನಾಯ್ತು ಅಂತ."

ನಂದೀಶ ಎದ್ದು ನಿಂತ. ಅರ್ಧ ಗಂಟೆ ವಾದ ಮಾಡಿದ. ತಮ್ಮ ತಾತನ ಕಾಲದಲ್ಲಿ ಹೊಲ ಅಳೆದು ಭಾಗ ಮಾಡಿದ ಪೋಡಿಯ ಜಗಳ ಎಳೆದು ತಂದ. ಆ ಹುಡುಗಿ ಬಿಡಲಿಲ್ಲ, ಇನ್ನಿಬ್ಬರು ಅವನ ಪಕ್ಷಕ್ಕೆ ಬಂದರು, ಯಶಸ್ವಿನಿ ಅಪ್ಪನ ವಿರುದ್ಧ ಮೂರು ಸಲ ಮಾತಾಡಿದಳು. ಗಂಟೆ ಹೊಡೆದಾಗ ನಂದೀಶನ ಅಂಗಿ ಒದ್ದೆಯಾಗಿತ್ತು. ಕಾರ್ಖಾನೆಯಲ್ಲಿ ಅವನು ಹೇಳಿದ್ದಕ್ಕೆ ಕೆಳಗಿನವರು ಹೌದೆನ್ನುತ್ತಿದ್ದರು, ಮೇಲಿನವರು ಹೇಳಿದ್ದಕ್ಕೆ ಅವನು ಹೌದೆನ್ನುತ್ತಿದ್ದ. ತಾನು ಸೋತನೋ ಗೆದ್ದನೋ ತಿಳಿಯದ ಮಾತುಕತೆಯಾಡಿ ಎಷ್ಟು ವರ್ಷವಾಗಿತ್ತೋ.

ಪಾಠ ಮುಗಿಸಿ ಬಂದ ಅನಸೂಯ ಮೇಡಂ ಏನನ್ನೂ ಮುಚ್ಚಿಡಲಿಲ್ಲ. "ಸೈಕಾಲಜಿ ಬೇಕು ಅಂದ್ರೆ ಇಲ್ಲಿಗೆ ಬರ್ಬೇಡಿ, ಅದಕ್ಕೆ ಮೇಷ್ಟ್ರು ಮಂಗಳವಾರ ಮಾತ್ರ ಬರ್ತಾರೆ. ಇಂಗ್ಲಿಷ್ ಪಾಠ ಪರವಾಗಿಲ್ಲ. ಹಿಸ್ಟರಿ, ಕನ್ನಡ ಚೆನ್ನಾಗಿದೆ. ಮಳೆಗಾಲದಲ್ಲಿ ಲೈಬ್ರರಿ ಸೋರುತ್ತೆ. ಆಗ ಪುಸ್ತಕಗಳನ್ನ ನಮ್ಮ ಮನೆಗೆ ಸಾಗಿಸ್ತೀವಿ."

ಜ್ಯೋತಿಲಕ್ಷ್ಮಿ ತನ್ನ ಊಟದ ಪ್ರಶ್ನೆ ಕೇಳಿದಳು. ಅನಸೂಯ ಮೇಡಂ ಯೋಚಿಸಿದರು. "ನಿಜ ಹೇಳ್ಬೇಕಂದ್ರೆ, ಮೊದಲ ವಾರ ಯಾರಿಗೂ ಗೊತ್ತಾಗಲ್ಲ. ಹಾಸ್ಟೆಲಲ್ಲಿ ಮೂವತ್ತೆರಡು ಹುಡುಗಿಯರು, ಒಬ್ಬರೇ ವಾರ್ಡನ್. ಆಮೇಲೆ ರೂಮಿನವರಿಗೆ ಗೊತ್ತಾಗುತ್ತೆ. ಆ ಮೊದಲ ವಾರ ನೀವೇ ದಿನಾ ಫೋನ್ ಮಾಡಿ."

ಈ ಮಾತಿನಲ್ಲಿ ನೀರಿಲ್ಲವೆಂದು ಜ್ಯೋತಿಲಕ್ಷ್ಮಿಗೆ ಅನ್ನಿಸಿತು. "ಫಾರಂ ಕೊಡಿ ಮೇಡಂ" ಎಂದಳು. ನಂದೀಶ ಬೇಡವೆನ್ನಲಿಲ್ಲ. ಆ ತೆಳ್ಳನೆಯ ಹುಡುಗಿಗೆ ಹೇಳಬೇಕಾಗಿದ್ದ ಉತ್ತರವೊಂದು ಅವನಿಗೆ ಆಗಷ್ಟೇ ಹೊಳೆದಿತ್ತು. ಅವಳು ಎಲ್ಲಿ ಹೋದಳೆಂದು ಅವನು ವರಾಂಡದಲ್ಲಿ ಹುಡುಕುತ್ತಿದ್ದ.

ಯಶಸ್ವಿನಿ ಜುಲೈನಲ್ಲಿ ಸೇರಿದಳು. ಮೊದಲ ವಾರ ಎರಡು ಹೊತ್ತು ಊಟ ಬಿಟ್ಟಳು, ಅಮ್ಮನ ಹತ್ತಿರ ಫೋನಿನಲ್ಲಿ ಅತ್ತಳು, ಆಮೇಲೆ ಸರಿಹೋದಳು. ಅನಂತಾರಣ್ಯದ ಕಾರು ಬುಧವಾರ ಬುಧವಾರ ಬಂದು ಮುನಿವೆಂಕಟಪ್ಪನನ್ನು ಕರೆದೊಯ್ಯತೊಡಗಿತು. ಅಲ್ಲಿ ಅವನು ಕಳೆಗೂ ರಾಗಿಗೂ ಇರುವ ವ್ಯತ್ಯಾಸವನ್ನು ಮೂರು ವಾರದಿಂದ ಹೇಳಿಕೊಡುತ್ತಿದ್ದ. ಮಕ್ಕಳು ಒಳ್ಳೆಯವರೇ, ಆದರೆ ಗಿಡ ನೋಡುವುದಕ್ಕಿಂತ ಅವನ ಫೋಟೋ ತೆಗೆಯುವುದು ಹೆಚ್ಚು ಎಂದು ಬಂದು ಹೇಳಿದ.

ಸೆಪ್ಟೆಂಬರಿನಲ್ಲಿ ಯಶಸ್ವಿನಿ ತನ್ನ ಮೊದಲ ಪ್ರಬಂಧ ಹಿಡಿದುಕೊಂಡು ಊರಿಗೆ ಬಂದಳು. ವಾರದ ಸಂತೆಯ ಮೇಲೆ ಬರೆದಿದ್ದಳು. ಇಪ್ಪತ್ತಕ್ಕೆ ಏಳು.

"ಏಳಾ?" ನಂದೀಶ ಕುರ್ಚಿಯಿಂದ ಎದ್ದ. "ತೊಂಬತ್ತೆರಡು ಪರ್ಸೆಂಟ್ ತೆಗೆದ ಹುಡುಗಿಗೆ ಏಳಾ?"

"ಮುಂದೆ ನೋಡಿ ಅಪ್ಪಾ" ಎಂದಳು ಮಗಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ.

ಅವನು ಪುಟ ತಿರುವಿದ. ಅವಳು ಬರೆದದ್ದು ಮೂರು ಪುಟ. ಕೆಂಪು ಶಾಯಿಯಲ್ಲಿ ಅನಸೂಯ ಮೇಡಂ ಬರೆದದ್ದು ನಾಲ್ಕು. 'ಇದನ್ನು ಯಾರು ಹೇಳಿದರು?' 'ಅವರ ಮಾತನ್ನು ಯಾಕೆ ನಂಬಿದೆ?' 'ಇದು ಪುಸ್ತಕದ ವಾಕ್ಯ, ನಿನ್ನದು ಎಲ್ಲಿ?' 'ಸಂತೆಯಲ್ಲಿ ವ್ಯಾಪಾರ ಆಗದೆ ವಾಪಸ್ಸು ಹೋಗುವವರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?' ನಂದೀಶ ಜಗಲಿಯಲ್ಲಿ ಕೂತು ಮೊದಲು ಕೆಂಪು ಅಕ್ಷರ ಓದಿದ, ಆಮೇಲೆ ಮಗಳ ನೀಲಿ ಅಕ್ಷರ ಓದಿದ. ಅವಳು ಬರೆದದ್ದನ್ನು ಅವನು ಓದಿದ್ದು ಅದೇ ಮೊದಲು. ಓದಿ ಮುಗಿಸಿ ಎರಡನೆಯ ಸಲ ಓದಿದ. ಎರಡನೆಯ ಪುಟದಲ್ಲಿ ಅವನಿಗೆ ಒಪ್ಪಿಗೆಯಾಗದ ಮಾತೊಂದಿತ್ತು. ಮೇಡಂ ಅದರ ಪಕ್ಕದಲ್ಲೇ 'ಸರಿ' ಎಂದು ಗುರುತು ಹಾಕಿದ್ದರು.

ಅಲ್ಲಿಂದಲೇ ಅನಸೂಯ ಮೇಡಂಗೆ ಫೋನು ಮಾಡಿದ. ಮಾರ್ಕ್ಸು ಹೆಚ್ಚು ಮಾಡಿ ಎಂದು ಕೇಳುತ್ತಾನೇನೋ ಎಂದು ಜ್ಯೋತಿಲಕ್ಷ್ಮಿ ಬಾಗಿಲಿಗೆ ಬಂದು ನಿಂತಳು.

"ಮೇಡಂ, ಎರಡನೇ ಪೇಜಲ್ಲಿ ನೀವು ಸರಿ ಅಂತ ಹಾಕಿದ್ದೀರಲ್ಲ, ಅದು ತಪ್ಪು" ಎಂದ ನಂದೀಶ. "ಮಧ್ಯವರ್ತಿ ಇಲ್ದೆ ಸಂತೆ ನಡೆಯಲ್ಲ. ನಾನು ಹುಡುಗನಾಗಿದ್ದಾಗ ಕಣ್ಣಾರೆ ನೋಡಿದ್ದೀನಿ."

ಆ ಕಡೆಯಿಂದ ಅವರು ಏನು ಹೇಳಿದರೋ, ನಂದೀಶ ಬಹಳ ಹೊತ್ತು ಹೂಂಗುಟ್ಟಿದ. ಕೊನೆಗೆ, "ಇಲ್ಲ, ನಾನು ಒಪ್ಪಲ್ಲ. ಸೋಮವಾರ ಬರ್ತೀನಿ" ಎಂದು ಫೋನಿಟ್ಟ.

"ಕಾಲೇಜಿಗೆ ಹೋಗ್ತಿರೋದು ನೀವಾ, ಅವಳಾ?" ಎಂದು ಜ್ಯೋತಿಲಕ್ಷ್ಮಿ ಕೇಳಿದಳು.

ನಂದೀಶ ಆಗಲೇ ಒಳಗೆ ಹೋಗಿ, ಕಾರ್ಖಾನೆಗೆ ರಜೆ ಅರ್ಜಿ ಬರೆಯಲು ಮಗಳ ಹತ್ತಿರ ಒಂದು ಹಾಳೆ ಕೇಳುತ್ತಿದ್ದ.